ಆರು ಟಿವಿ, ಒಂದು ಪೆನ್‌ಡ್ರೈವ್

ನಮ್ಮ ಕ್ಯಾಂಟೀನಿನ ಟಿವಿಯಲ್ಲಿ ಜನವರಿ ಎರಡನೇ ವಾರದವರೆಗೂ ದೀಪಾವಳಿಯ ಹಣತೆ ಉರಿಯುತ್ತಿತ್ತು. "ಎಂತ ಮಾರಾಯ್ರೆ, ನಿಮ್ಮ ದೀಪದ ಎಣ್ಣೆ ಮುಗಿಯುವುದೇ ಇಲ್ವಾ?" ಎಂದು ಪ್ಯಾಕಿಂಗಿನ ಅಕ್ಕ ಒಬ್ಬರು ಕೇಳಿದರು. ಉತ್ತರ ನನ್ನಲ್ಲಿ ಇರಲಿಲ್ಲ. ಟಿವಿಗೆ ಸ್ಲೈಡ್ ಹಾಕುವುದು ನನ್ನ ಕೆಲಸ ಎಂದು ಯಾರೂ ಹೇಳಿರಲಿಲ್ಲ. ಆದರೆ ಪೆನ್‌ಡ್ರೈವ್ ಮಾತ್ರ ನನ್ನ ಮೇಜಿನ ಡ್ರಾವರಿನಲ್ಲಿತ್ತು.

ಕಾಸರಗೋಡಿನ ಕುಂಬಳೆ ಸಮೀಪದ ನಮ್ಮ ಘಟಕಕ್ಕೆ ಈ ಟಿವಿಗಳು ಬಂದದ್ದು ಕಳೆದ ಅಕ್ಟೋಬರಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಅದೇ ಖುಷಿಯಲ್ಲಿ ಮೇಲಿನವರು 43 ಇಂಚಿನದ್ದು ಆರು ತರಿಸಿದರು. ಒಂದಕ್ಕೆ ಹತ್ತಿರ ಹತ್ತಿರ ಮೂವತ್ತು ಸಾವಿರ. ನೋಟಿಸ್ ಬೋರ್ಡಿನ ಕಾಲ ಮುಗಿಯಿತು, ಇನ್ನು ಎಲ್ಲ ಡಿಜಿಟಲ್ ಎಂದು ಮೀಟಿಂಗಿನಲ್ಲಿ ಚಪ್ಪಾಳೆಯೂ ಆಯಿತು. ಬಜೆಟ್ ಶೀಟಿನಲ್ಲಿ ಇದ್ದದ್ದು ಮೂರೇ ಸಾಲು: ಟಿವಿ, ಗೋಡೆಗೆ ಹಾಕುವ ಸ್ಟ್ಯಾಂಡ್, ವಯರಿಂಗ್. ರಂಗಸ್ಥಳ ಕಟ್ಟಿ, ಭಾಗವತರಿಗೆ ವೀಳ್ಯ ಕೊಡಲು ಮರೆತ ಹಾಗೆ.

ತಂದದ್ದು ಮನೆಬಳಕೆಯ ಟಿವಿ. ಅಂಗಡಿ, ಆಫೀಸುಗಳಿಗೆಂದೇ ಮಾಡಿದ ಪರದೆಗಳು ದಿನಕ್ಕೆ ಹದಿನಾರು ಗಂಟೆಯೋ ಇಡೀ ದಿನವೋ ಉರಿಯುವಂತೆ ಇರುತ್ತವೆ, ಬೆಳಕೂ ಜಾಸ್ತಿ. ದುಬಾರಿ, ಹೌದು. ಆದರೆ ನಮ್ಮ ಕ್ಯಾಂಟೀನಿನ ಒಂದು ಬದಿ ಪೂರ್ತಿ ತೆರೆದದ್ದು. ಊಟದ ಹೊತ್ತಿಗೆ ಟಿವಿಯಲ್ಲಿ ಕಾಣುವುದು ನಮ್ಮದೇ ಮುಖ. ಮನೆಬಳಕೆಯದ್ದನ್ನು ಕಂಪೆನಿಯಲ್ಲಿ ಹಾಕಿದರೆ ವಾರಂಟಿ ಸಿಗದಿರುವುದೇ ಹೆಚ್ಚು ಎಂಬುದೂ ನಮಗೆ ತಿಳಿದದ್ದು ನವೆಂಬರಿನಲ್ಲಿ. ತುಲಾ ತಿಂಗಳ ಒಂದು ಸಂಜೆ ಸಿಡಿಲು ಬಡಿದು ಗೇಟಿನ ಟಿವಿ ಹೋಯಿತು. ಕರೆಂಟ್ ಒಮ್ಮೆಲೇ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರಲಿಲ್ಲ, ಅರ್ಥಿಂಗ್ ಯಾರೂ ಪರೀಕ್ಷಿಸಿರಲಿಲ್ಲ. ನಮ್ಮೂರಿನಲ್ಲಿ ಸಂಜೆ ಗುಡುಗು ಶುರುವಾದರೆ ಮನೆಯ ಅಜ್ಜಿ ಕೂಡ ಮೊದಲು ಪ್ಲಗ್ ತೆಗೆಯುತ್ತಾಳೆ.

ಕರೆಂಟಿನ ಬಗ್ಗೆ ಮಾತ್ರ ಎಲ್ಲರಿಗೂ ಚಿಂತೆ. ಒಂದು ಟಿವಿಗೆ 100 ವಾಟ್ ಎಂದಿಟ್ಟುಕೊಂಡರೂ ಹತ್ತು ಗಂಟೆಗೆ ಒಂದು ಯೂನಿಟ್, ಆರಕ್ಕೆ ತಿಂಗಳ 26 ಕೆಲಸದ ದಿನಗಳಲ್ಲಿ 156 ಯೂನಿಟ್. ನಮ್ಮ ಯಂತ್ರಗಳ ಬಿಲ್ಲಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಲೆಕ್ಕಕ್ಕೆ ಬರಬೇಕಾದದ್ದು ಮನುಷ್ಯ. ಸ್ಲೈಡ್ ಯಾರು ಮಾಡುತ್ತಾರೆ, ಹಳತನ್ನು ಯಾರು ತೆಗೆಯುತ್ತಾರೆ, ಯಾವ ಭಾಷೆಯಲ್ಲಿ?

ಹೆಡ್ ಆಫೀಸ್ ಎರ್ನಾಕುಳಂನಲ್ಲಿ. ಅಲ್ಲಿಂದ ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ ಬರುತ್ತದೆ. ನಮ್ಮ ಪ್ಯಾಕಿಂಗಿನಲ್ಲಿ ಇರುವವರು ಪೈವಳಿಕೆ, ಎಣ್ಮಕಜೆ, ಮಂಜೇಶ್ವರ ಕಡೆಯ ಹೆಂಗಸರು. ಮನೆಯಲ್ಲಿ ತುಳು, ಶಾಲೆಯಲ್ಲಿ ಓದಿದ್ದು ಕನ್ನಡ. ಮಲಯಾಳ ಮಾತಾಡುತ್ತಾರೆ, ಓದುವುದು ಕಷ್ಟ. ಪಿಎಫ್ ಕೆವೈಸಿ, ಅಂದರೆ ಖಾತೆಗೆ ಕೊಡುವ ಗುರುತಿನ ದಾಖಲೆಗಳ ಬಗ್ಗೆ ಮಲಯಾಳದ ಸ್ಲೈಡ್ ಹದಿನೈದು ದಿನ ತಿರುಗಿತು. ಕೊನೆಗೆ ಅವರು ಬಂದು ಕೇಳಿದ್ದು ನನ್ನಲ್ಲಿ: "ಅದರಲ್ಲಿ ಆಧಾರ್ ಅಂತ ಉಂಟಲ್ಲ, ನಾವು ಎಂತ ತರಬೇಕು?"

ನಾನು ಜಗಳ ಮಾಡಿದ ಮೇಲೆ ಒಮ್ಮೆ ಕನ್ನಡವೂ ಬಂತು. ಯಂತ್ರ ತೊಳೆಯುವ ಮುಂಚೆ ಸ್ವಿಚ್ ಆಫ್ ಮಾಡಿ ಎಂಬ ಸೂಚನೆ. ಅಲ್ಲಿಯ ಡಿಸೈನರ್‌ನ ಸಾಫ್ಟ್‌ವೇರಿಗೆ ನಮ್ಮ ಒತ್ತಕ್ಷರ ಕೂಡಿಸಲು ಬರಲಿಲ್ಲ. ಕೆಂಪು ಅಕ್ಷರದಲ್ಲಿ, ಒಂದಡಿ ಅಗಲಕ್ಕೆ: "ಎಚ್‌ಚರಿಕೆ". ಕೆಳಗೆ "ಯಂತ್‌ರ". ಅವನದ್ದೇನೂ ತಪ್ಪಲ್ಲ, ಓದಲು ಬಾರದ ಭಾಷೆಯನ್ನು ಅಂಟಿಸಿ ಕಳಿಸಿದ್ದಾನೆ. ಓದಿ ನೋಡುವವರಿಗೆ ದುಡ್ಡು ಕೊಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ನಾವು ಸರಕಾರಕ್ಕೆ ಕನ್ನಡದಲ್ಲೇ ಪತ್ರ ಬರೆಯಬಹುದು. ಖಾಸಗಿ ಕಂಪೆನಿಯ ಟಿವಿಗೆ ಆ ಕಾನೂನು ತಾಗುವುದಿಲ್ಲ, ಗೊತ್ತುಂಟು. ಹಾಗಾಗಿ ನಾನು ಕನ್ನಡಾಭಿಮಾನದ ಮಾತೇ ಎತ್ತಲಿಲ್ಲ. ಕೈ ಸಿಕ್ಕಿಕೊಂಡರೆ ಆಸ್ಪತ್ರೆಯ ಖರ್ಚು ಯಾವ ಬಜೆಟಿನಿಂದ ಎಂದು ಕೇಳಿದೆ. ಆಗ ಸ್ವಲ್ಪ ಕಿವಿ ಕೊಟ್ಟರು.

ಈಗ ಮಾರ್ಚ್. ಮುಂದಿನ ವರ್ಷದ ಶೀಟ್ ತುಂಬಿಸಲು ಈ ಸಲ ನನಗೇ ಹೇಳಿದ್ದಾರೆ. ಹೊಸ ಟಿವಿ ಒಂದೂ ಬೇಡ ಎಂದು ಬರೆದೆ, ಸಿಡಿಲಿಗೆ ಹೋದದ್ದರ ಬದಲಿಗೂ ಬೇಡ, ಅಲ್ಲಿ ಹಳೆಯ ನೋಟಿಸ್ ಬೋರ್ಡ್ ಸಾಕು. ಸರ್ಜ್ ಪ್ರೊಟೆಕ್ಟರ್ ಐದು. ಪೆನ್‌ಡ್ರೈವ್ ಹಿಡಿದು ಏಣಿ ಹತ್ತುವುದು ತಪ್ಪಲಿ ಎಂದು ಕುಳಿತಲ್ಲಿಂದಲೇ ಸ್ಲೈಡ್ ಬದಲಿಸುವ ಸಾಫ್ಟ್‌ವೇರಿನ ಬಾಡಿಗೆ. ಮತ್ತೆ ತಿಂಗಳಿಗೆ 6,000 ರೂಪಾಯಿ, ಕನ್ನಡ ಬರೆದು, ತಿದ್ದಿ, ಹಳತನ್ನು ತೆಗೆಯುವ ಒಬ್ಬರಿಗೆ. ವರ್ಷಕ್ಕೆ 72,000. ಟಿವಿಗಳಿಗೆ ಸುರಿದ ದುಡ್ಡಿನ ಅರ್ಧವೂ ಅಲ್ಲ.

ಶೀಟ್ ನಿನ್ನೆ ಅಕೌಂಟ್ಸ್‌ನಿಂದ ವಾಪಸ್ ಬಂತು. ಉಳಿದದ್ದಕ್ಕೆಲ್ಲ ಟಿಕ್. ಕೊನೆಯ ಸಾಲಿಗೆ ಮಾತ್ರ ಸುತ್ತು ಹಾಕಿ ಪಕ್ಕದಲ್ಲಿ "ಇದು ಯಾವ ಹೆಡ್ಡಿಗೆ?" ಎಂದು ಬರೆದಿದ್ದಾರೆ, ಅಂದರೆ ಖರ್ಚಿನ ಯಾವ ಖಾತೆಗೆ ಸೇರಿಸುವುದು ಎಂದು. ಇಲ್ಲಿ ಅಕೌಂಟ್ಸ್‌ನವರು ಯಾರಾದರೂ ಇದ್ದರೆ ಹೇಳಿ ಮಾರಾಯ್ರೆ, ಸೋಮವಾರದೊಳಗೆ ವಾಪಸ್ ಕೊಡಬೇಕು.