ಹೋದ ತಿಂಗಳು ಹುಟ್ಟಿದ 150 ವರ್ಷದ ದೀಪ

ಹಳೆ ಸಾಮಾನಿನ ಅಂಗಡಿಯಲ್ಲಿ ಯಾವ ವಸ್ತುವಿಗೂ 40 ವರ್ಷ ಆಗಿರುವುದಿಲ್ಲ. 62, 75, 88 ಇಂಥ ವಯಸ್ಸುಗಳೂ ಅಲ್ಲಿ ಸಿಗುವುದಿಲ್ಲ. ಎಲ್ಲಕ್ಕೂ 150. ತೂಗುದೀಪಕ್ಕೆ 150, ಕುರ್ಚಿಗೆ 150, ಅಡಕತ್ತರಿಗೆ 150. ಬ್ಯಾಟರಿ ಹಾಕುವ ಟಾರ್ಚಿಗೂ 150. ಬೆಲೆ ಜಾಸ್ತಿ ಆಯ್ತು ಅಂತ ಮುಖ ಸಿಂಡರಿಸಿ ನೋಡಿ, ತಕ್ಷಣ 200 ಆಗುತ್ತದೆ. ಚೌಕಾಸಿ ಮಾಡಿದಷ್ಟೂ ವಯಸ್ಸಾಗುವ ಮಾಲು ಇದೊಂದೇ.

ಸಾಕ್ಷಿ ಬೇಕು ಅಂದರೆ ಅದೂ ಉಂಟು. ಮಂಗಳೂರು ಹೆಂಚನ್ನು ತಿರುಗಿಸಿ ತೋರಿಸುತ್ತಾರೆ. ಅದರ ಮೈಮೇಲೆ 1865 ಅಂತ ಅಚ್ಚೊತ್ತಿದೆ. ಗಿರಾಕಿ ದಂಗಾಗುತ್ತಾನೆ. ಅದು ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಹೋಟೆಲ್ ಬೋರ್ಡಿನಲ್ಲಿ ‘ಸ್ಥಾಪನೆ 1924’ ಅಂತ ಇದ್ದರೆ ಒಳಗೆ ಇಡ್ಲಿಯೂ ಅವತ್ತಿನದೇ ಅಂತ ಯಾರೂ ತಿಳಿಯುವುದಿಲ್ಲ. ಹೆಂಚಿಗೆ ಮಾತ್ರ ಈ ರಿಯಾಯಿತಿ. ಸೇರು, ಪಾವಿನ ಕಥೆಯೂ ಇದೇ. ಸರ್ಕಾರದ ಮುದ್ರೆ ಬಿದ್ದಿರುವ ಸೇರು ನೋಡಿದ ಕೂಡಲೇ ‘ಟಿಪ್ಪು ಕಾಲದ್ದು ಸಾರ್’ ಅನ್ನುತ್ತಾರೆ. ಮೆಟ್ರಿಕ್ ಅಳತೆಗೆ ಕಾಯ್ದೆ ಆದದ್ದು 1956ರಲ್ಲಿ. ಅಲ್ಲಿಯವರೆಗೂ, ಹಳ್ಳಿಗಳಲ್ಲಿ ಆಮೇಲೂ ಎಷ್ಟೋ ವರ್ಷ, ಅದೇ ಸೇರಿನಲ್ಲಿ ರಾಗಿ ಅಳೆದಿದ್ದಾರೆ. ಟಿಪ್ಪು ಕಾಲದ್ದು ಅಂದುಕೊಂಡ ಸೇರು ನೆಹರು ಕಾಲದ್ದೂ ಇರಬಹುದು.

ಬೆಂಗಳೂರಿನಲ್ಲಿ ಈ ಬೇಟೆ ಶುರುವಾಗುವುದು ಭಾನುವಾರ ಬೆಳಗಿನ ಜಾವ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಮುತ್ತ. ಹೆಸರು ಸಂಡೇ ಬಜಾರ್, ಜನರ ಬಾಯಲ್ಲಿ ಚೋರ್ ಬಜಾರ್. ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ರಿಮೋಟು, ಡ್ರಿಲ್ ಮೆಷಿನ್ನು, ಒಂಟಿ ಚಪ್ಪಲಿ, ಅವುಗಳ ನಡುವೆ ಒಂದು ಹಿತ್ತಾಳೆ ಬೀಗ. ಮಾರುವವನು ಅದನ್ನು ‘ಬೀಗ’ ಅನ್ನುತ್ತಾನೆ. ಕೊಂಡವನು ಮೊಬೈಲ್ ಬೆಳಕಿನಲ್ಲಿ ತಿರುಗಿಸಿ ಮುರುಗಿಸಿ ನೋಡಿ, ಬೇಡದ ಮುಖ ಮಾಡಿ, ಚಿಲ್ಲರೆ ಕಾಸಿಗೆ ತೆಗೆದುಕೊಳ್ಳುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅದೇ ಬೀಗ ಇಂದಿರಾನಗರದ ಯಾವುದೋ ಗಾಜಿನ ಕಪಾಟಿನಲ್ಲಿ ‘ಮೈಸೂರು ಸಂಸ್ಥಾನದ ಖಜಾನೆ ಬೀಗ’ ಆಗಿ ಕೂತಿರುತ್ತದೆ. ಖಜಾನೆಯ ಕೀ ಎಲ್ಲಿ ಅಂತ ಕೇಳಬೇಡಿ. ಕೀ ಇದ್ದರೆ ರೇಟು ಕಮ್ಮಿ. ಇಲ್ಲದಿದ್ದರೆ ‘ಮಿಸ್ಟರಿ’.

ಈ ವ್ಯಾಪಾರದ ಗುಟ್ಟು ಇರುವುದೇ ಇಲ್ಲಿ. ಕೆಲಸ ಮಾಡುವ ಸಾಮಾನು ಗುಜರಿ, ಕೆಲಸ ನಿಲ್ಲಿಸಿದ್ದು ಆಂಟಿಕ್. ನೀರು ನಿಲ್ಲುವ ತಾಮ್ರದ ಹಂಡೆಯನ್ನು ಮಾರಲು ಹೋದರೆ ಕೆ.ಜಿ. ಲೆಕ್ಕ. ತಳ ತೂತಾಗಿದ್ದರೆ ಅದು ಗಿಡ ನೆಡುವ ‘ಪ್ಲಾಂಟರ್’, ಅದಕ್ಕೆ ಪೀಸ್ ಲೆಕ್ಕ. ಬಾವಿ ಮುಚ್ಚಿಸಿದ ಮನೆಯವರೇ ರಾಟೆ ಕೊಂಡು ತಂದು ಚಾವಣಿಗೆ ನೇತುಹಾಕಿ, ಅದರಿಂದ ಬಲ್ಬು ಇಳಿಬಿಡುತ್ತಾರೆ. ಒರಳುಕಲ್ಲಿನಲ್ಲಿ ಗುಬ್ಬಿ ಸ್ನಾನ ಮಾಡಬೇಕು. ಹಿಟ್ಟು ರುಬ್ಬಬಾರದು. ಈಳಿಗೆಮಣೆ ಗೋಡೆ ಹತ್ತಿದೆ, ಕೆಳಗೆ ‘ಮುಟ್ಟಬೇಡಿ’ ಎಂಬ ಚೀಟಿ ಬೇರೆ. ಮಲೆನಾಡಿನ ತೊಟ್ಟಿ ಮನೆಯ ಬಾಗಿಲು ಈಗ ಗಾಜು ಹೊದ್ದು ಡೈನಿಂಗ್ ಟೇಬಲ್ ಆಗಿ ಮಲಗಿದೆ. ಹಲಸಿನ ಮರದ ಕಂಬಗಳು ರೆಸಾರ್ಟಿನ ರಿಸೆಪ್ಶನ್‌ನಲ್ಲಿ ಏನನ್ನೂ ಹೊರದೆ ಸುಮ್ನೆ ನಿಂತಿವೆ. ಕಂಬ ಮಾರಿದ ದುಡ್ಡಿಗೆ ಊರಲ್ಲಿ ಆರ್‌ಸಿಸಿ ಮನೆ ಎದ್ದಿದೆ. ಅದರ ಪಿಲ್ಲರಿಗೆ ಮರದ ಬಣ್ಣ ಹೊಡೆಸಿದ್ದಾರೆ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಸೊಸೆ ಹಿತ್ತಾಳೆಯ ಕೊಳಗ ತಂದಳು. ಕಪ್ಪು, ಹಸಿರು, ಕಂದು ಎಲ್ಲಾ ಬಣ್ಣವೂ ಸೇರಿದ ಕೊಳಗ. ಹಳತಾಗಿ ಹಿಡಿದ ಆ ಮಂಕಿಗೆ ಅಂಗಡಿಯವರು ‘ಪಟಿನಾ’ ಅನ್ನುತ್ತಾರೆ, ಅದಕ್ಕೇ ಅರ್ಧ ದುಡ್ಡು ಕೊಟ್ಟಿದ್ದಳು. ಸಂಜೆ ಆಫೀಸಿನಿಂದ ಬಂದು ನೋಡಿದರೆ ಹಾಲ್‌ನಲ್ಲಿ ಚಿನ್ನದಂಥ ಕೊಳಗ ಥಳಥಳ ಅನ್ನುತ್ತಿದೆ. ಅತ್ತೆ ಹುಣಸೆಹಣ್ಣು, ಉಪ್ಪು ಹಾಕಿ ಮಧ್ಯಾಹ್ನವೆಲ್ಲ ಕೂತು ಉಜ್ಜಿದ್ದರು. ಸೆರಗಿನ ತುದಿ ಇನ್ನೂ ಒದ್ದೆ.

‘ಎಷ್ಟು ವರ್ಷದಿಂದ ಬೆಳಗಿಲ್ಲವೋ ಏನೋ. ಎಂಥ ಜನಾನೋ!’ ಅಂದರು.

‘ಅಯ್ಯೋ ಅತ್ತೆ, ಪಟಿನಾ ಹೋಯ್ತು!’

‘ಯಾರೇ ಅದು? ಬಂದಿದ್ದಳಾ? ನಾನು ಹಿತ್ತಲಲ್ಲಿದ್ದೆ.’

ಅತ್ತೆಯ ತಪ್ಪೇನೂ ಇಲ್ಲ. ಪಾತ್ರೆ ಕಪ್ಪಾಗಿದ್ದರೆ ಮನೆಯ ಮಾನ ಹೋಯಿತು ಅಂತ ಬೆಳೆದವರು ಅವರು. ಈಗ ಪಾತ್ರೆ ಫಳಫಳ ಅಂದರೆ ಮಾನ ಹೋಗುತ್ತದೆ. ಅದಕ್ಕೇ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ, ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರಲ್ಲಿ, ಹೊಚ್ಚ ಹೊಸ ದೀಪಕ್ಕೆ ಕೆಮಿಕಲ್ ಬಳಿದು ಮಂಕು ಹಿಡಿಸುತ್ತಾರೆ. ‘ಆಂಟಿಕ್ ಫಿನಿಶ್’ ಅಂದರೆ ಅದೇ. ಹೋದ ತಿಂಗಳು ಅಚ್ಚಿನಿಂದ ಎದ್ದ ದೀಪ ಲಾರಿ ಹತ್ತುವ ಮೊದಲೇ ಮುದಿಯಾಗಿರುತ್ತದೆ. ಕಾರ್ಖಾನೆಯವರು ಮೋಸ ಮಾಡುತ್ತಿಲ್ಲ ಅನ್ನಿ. ಡಬ್ಬದ ಮೇಲೆ ‘ಫಿನಿಶ್’ ಅಂತಲೇ ಬರೆದಿರುತ್ತಾರೆ. ನಮ್ಮೂರಿಗೆ ಬರುವಷ್ಟರಲ್ಲಿ ಆ ಒಂದು ಪದ ಎಲ್ಲೋ ಉದುರಿ ಹೋಗುತ್ತದೆ, ಅಷ್ಟೇ.

ಗ್ರಾಮಫೋನಿನದು ಇನ್ನೂ ಚೆಂದ. ಒಳಗಿನ ಮೋಟಾರು ಯಾವುದೋ ಸೂಟ್‌ಕೇಸ್ ಮಾದರಿಯ ಹಳೆ ಮೆಷಿನ್ನಿನದು. ಪೆಟ್ಟಿಗೆ ಹೊಸ ಮರದ್ದು. ಕೊಂಬು ಹೊಳೆಯುವ ಹಿತ್ತಾಳೆಯದು. ಮುಂದೆ ಎಚ್‌ಎಂವಿ ಕಂಪನಿಯ ನಾಯಿಯ ಚಿತ್ರದ ಬಿಲ್ಲೆ. ಆ ನಾಯಿ ಅದೆಷ್ಟು ನಕಲಿ ಪೆಟ್ಟಿಗೆ ಕಾಯುತ್ತಿದೆಯೋ ಪಾಪ. ನಮ್ಮದೇ ಎಚ್‌ಎಂಟಿಗೂ ಈ ಗತಿ ಬಂದಿದೆ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ಕಂಪನಿ ಅದು. ಅದರ ವಾಚು ಘಟಕ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ನಿಂತರೂ ವಾಚುಗಳು ಹುಟ್ಟುತ್ತಲೇ ಇವೆ. ಹಳೆ ಯಂತ್ರಕ್ಕೆ ನೀಲಿ, ಕಿತ್ತಳೆ, ಗಿಳಿಹಸಿರು ಡಯಲ್ ಬಳಿದು ‘ಅಪರೂಪದ ಮಾಡೆಲ್’ ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ. ಅಷ್ಟು ಅಪರೂಪ ಅಂದರೆ ಎಚ್‌ಎಂಟಿಯವರೇ ಅದನ್ನು ನೋಡಿರಲಿಕ್ಕಿಲ್ಲ.

ಇಷ್ಟೆಲ್ಲ ವಯಸ್ಸು ಮಾರುವಾಗ ಕಾನೂನು ಸುಮ್ಮನಿದೆಯಾ? ಇಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಕಲೆ, ಕುಸುರಿ ಕೆಲಸದ ವಸ್ತುವಿಗೆ 100 ವರ್ಷ ತುಂಬಿದರೆ ಅದು ಪ್ರಾಚ್ಯವಸ್ತು. ಹಸ್ತಪ್ರತಿಗೆ 75 ಆದರೆ ಸಾಕು. ಅಂಥದ್ದನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವ ಹಾಗೇ ಇಲ್ಲ. ಹೀಗಾಗಿ ನಮ್ಮ ತೂಗುದೀಪಕ್ಕೆ ಎರಡು ಜನ್ಮದಿನ. ಗಿರಾಕಿ ಬಂದಾಗ 150. ಅಧಿಕಾರಿ ಬಂದಾಗ ‘ಸಾರ್, ಇದು ಮೊನ್ನೆ ಮಾಡಿಸಿದ್ದು.’ ದೀಪ ವಿದೇಶಕ್ಕೆ ಹೋಗಬೇಕಾದರೆ ಪುರಾತತ್ವ ಇಲಾಖೆಯಿಂದ ‘ಇದು ಪ್ರಾಚ್ಯವಸ್ತು ಅಲ್ಲ’ ಎಂಬ ಸರ್ಟಿಫಿಕೇಟು ಸಿಗುತ್ತದೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಕನ್ನಡಿಗರ ಮನೆಯಲ್ಲಿ ಆ ದೀಪ ಬೆಳಗುತ್ತಿರುತ್ತದೆ. ಬಂದವರಿಗೆಲ್ಲ ‘ಪಾಳೇಗಾರರ ಮನೆಯದು’ ಅನ್ನುತ್ತಾರೆ. ಅಲ್ಲ ಎಂಬ ಸರ್ಟಿಫಿಕೇಟು ಬೀರುವಿನಲ್ಲಿ ಭದ್ರವಾಗಿರುತ್ತದೆ. ಇಡೀ ವ್ಯವಹಾರದಲ್ಲಿ ನಿಜ ಹೇಳುವ ಕಾಗದ ಅದೊಂದೇ, ಅದನ್ನು ಫ್ರೇಮ್ ಹಾಕಿಸಬೇಕಿತ್ತು.

ಅಲಂಕಾರಕ್ಕೆ ಕೊಳ್ಳುವವರದು ದುಡ್ಡಿನ ಸೊಕ್ಕು ಅಂತ ಬಿಡೋಣ. ಅಟ್ಟ ಹುಡುಕುವ ಇನ್ನೊಂದು ಪಂಗಡ ಇದೆ. ಅವರಿಗೆ ಅಂದ ಚೆಂದ ಬೇಡ, ಕೋಟಿ ಬೇಕು. ಹಳೆ ಟಿವಿ, ರೇಡಿಯೊ ಒಳಗೆ ಕೆಂಪು ಪಾದರಸ ಇದೆ, ಬೆಳ್ಳುಳ್ಳಿ ಕಂಡರೆ ಓಡುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ ಅಂತ ವಾಟ್ಸಾಪ್ ಹೇಳಿದ್ದೇ ತಡ, ಸತ್ತ ಟಿವಿಗಳಿಗೆ ಜೀವ ಬಂತು. ಇದು ನಮ್ಮ ಪೇಟೆಂಟ್ ಏನಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆ ಸಿಂಗರ್ ಹೊಲಿಗೆ ಮೆಷಿನ್ನಿಗೆ ಇದೇ ಗಾಳಿಸುದ್ದಿ ಹಬ್ಬಿ, ಜನ ಸೂಜಿಯ ಹತ್ತಿರ ಮೊಬೈಲ್ ಹಿಡಿದು ನೋಡುತ್ತಿದ್ದರು. ಲೈನ್ ಕಟ್ ಆದರೆ ಪಾದರಸ ಇದೆ ಅಂತ ಅರ್ಥ. ಆ ಲೆಕ್ಕದಲ್ಲಿ ನಮ್ಮ ಘಾಟಿ ರಸ್ತೆಗಳ ಉದ್ದಕ್ಕೂ ಪಾದರಸವೇ ಹರಿಯುತ್ತಿರಬೇಕು. ಹಳೆ ನೋಟು, ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆ ಅನ್ನುವವರ ಕಾಟ ಎಷ್ಟಾಯಿತೆಂದರೆ, ನಮ್ಮ ಹೆಸರು ಹೇಳಿ ಕಮಿಷನ್ ಕೇಳುವವರನ್ನು ನಂಬಬೇಡಿ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಡಬೇಕಾಯಿತು.

ಇವೆಲ್ಲಕ್ಕೂ ದೊಡ್ಡಣ್ಣ ರೈಸ್ ಪುಲ್ಲರ್. ಸಿಡಿಲು ಬಡಿದ ಹಳೆ ತಾಮ್ರದ ಚೊಂಬು, ಅದರಲ್ಲಿ ಇರಿಡಿಯಂ ಸೇರಿದೆ, ಅಕ್ಕಿ ಕಾಳು ತಾನೇ ಓಡಿ ಬಂದು ಅಂಟಿಕೊಳ್ಳುತ್ತದೆ, ನಾಸಾದವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಅಂತ ನಂಬಿಸುತ್ತಾರೆ. ನಮ್ಮ ರಾಜ್ಯದಲ್ಲಿ ಈ ಕೇಸು ಹೊಸದೇನಲ್ಲ, ಪೊಲೀಸರು ಹಿಡಿಯುತ್ತಲೇ ಇರುತ್ತಾರೆ. 2018ರಲ್ಲಿ ದೆಹಲಿಯಲ್ಲಿ ಸಿಕ್ಕಿಬಿದ್ದ ತಂದೆ ಮಗ ಒಬ್ಬ ವ್ಯಾಪಾರಿಗೆ ಕೋಟಿಗೂ ಮೀರಿ ಟೋಪಿ ಹಾಕಿದ್ದರು. ವಿಕಿರಣ ತಡೆಯುವ ಬೆಳ್ಳಿ ಬಣ್ಣದ ಅಂಗಿ ಬೇರೆ ಹೊಲಿಸಿಟ್ಟಿದ್ದರು. ಒಂದು ಚೊಂಬಿಗೆ ಇಷ್ಟು ಮರ್ಯಾದೆ!

ಹಳೆ ಪಾತ್ರೆಗಳಲ್ಲೆಲ್ಲ ಜನ ಇನ್ನೂ ಕೆಲಸ ಕೇಳುವುದು ಈ ಚೊಂಬಿಗೊಂದೇ. ಅದೂ ಎಂಥ ಕೆಲಸ! ನೀರು ತುಂಬಿಸಿಕೊಂಡರೆ ಸಾಲದು, ಅಕ್ಕಿ ಎಳೆಯಬೇಕು. ‘ಟೆಸ್ಟಿಂಗ್’ಗೆ ಮುಂಗಡ ಕಟ್ಟಬೇಕು, ‘ವಿಜ್ಞಾನಿ’ ಬರುವ ಖರ್ಚು ಕೊಡಬೇಕು, ಮಳೆ ಬಂದರೆ ಟೆಸ್ಟಿಂಗ್ ಮುಂದಕ್ಕೆ ಹೋಗುತ್ತದೆ, ಮತ್ತೆ ಮುಂಗಡ. ಪ್ರದರ್ಶನದಲ್ಲಿ ಅಕ್ಕಿ ಬರುತ್ತದೆ ಕೂಡ. ಅಕ್ಕಿಗೆ ಕಬ್ಬಿಣದ ಪುಡಿ, ಚೊಂಬಿಗೆ ಅಯಸ್ಕಾಂತ ಸೇರಿಸಿದರೆ ಯಾಕೆ ಬರುವುದಿಲ್ಲ? ಕೊನೆಗೆ ವಿಜ್ಞಾನಿಯ ಫೋನ್ ಸ್ವಿಚ್ ಆಫ್, ದುಡ್ಡು ಹಾಕಿದವರ ಕೈಗೆ ಚೊಂಬು. ಅದನ್ನು ಗುಜರಿಗೆ ಹಾಕಲು ಹೋದರೆ ಅಂಗಡಿಯವನು ತಿರುಗಿಸಿ ನೋಡಿ, ಉಗುರಿನಿಂದ ಕೆರೆದು, ‘ತಾಮ್ರ ಅಲ್ಲ ಸಾರ್, ಬರೀ ಕೋಟಿಂಗು’ ಅನ್ನುತ್ತಾನೆ.