ಸಮಿತಿ ಕುಳಿತಿದೆ, ಸಿಸ್ಟರ್ ನಿಂತಿದ್ದಾರೆ

ನಮ್ಮೂರಿನ ಚರ್ಚಿನಲ್ಲಿ ಭಾನುವಾರ ಏಳು ಗಂಟೆಯ ಪೂಜೆಗೆ ಐದೂವರೆಗೇ ಬಾಗಿಲು ತೆರೆಯುವವರು ಸಿಸ್ಟರ್. ಗಂಜಿ ಹಾಕಿದ ಬಲಿಪೀಠದ ಬಿಳಿ ವಸ್ತ್ರವನ್ನು ಹಾಸಿ ಅಂಗೈಯಿಂದ ಸುಕ್ಕು ತೀಡಿ, ಬಟ್ಟಲಿಗೆ ಅಪ್ಪಗಳನ್ನು ಎಣಿಸಿಟ್ಟು, ಮೈಕಿನ ನೆತ್ತಿಗೆ ಎರಡು ಸಲ ತಟ್ಟಿ, ಗಾಯನವೃಂದದ ಹುಡುಗಿಯರಿಗೆ ಶ್ರುತಿಯನ್ನೂ ಹಿಡಿಸಿದ ಮೇಲೆ, ಏಳಕ್ಕೆ ಐದು ನಿಮಿಷವಿರುವಾಗ ಪಾದ್ರಿ ಸ್ವಾಮಿಯವರ ಬೈಕು ಅಂಗಳಕ್ಕೆ ಬರುತ್ತದೆ. ಆ ಕ್ಷಣದಿಂದ ಸಿಸ್ಟರ್ ಮೂರನೆಯ ಬೆಂಚಿನ ತುದಿಯವರು. ಸ್ವಾಮಿಯವರ ತಪ್ಪೇನೂ ಇಲ್ಲ. ಅವರಿಗೆ ಇನ್ನೂ ಎರಡು ಊರಿನ ಪೂಜೆ ಬಾಕಿಯಿರುತ್ತದೆ.

ಆ ಬೆಂಚಿನಿಂದ ಬಲಿಪೀಠಕ್ಕೆ ಹದಿನೈದು ಹೆಜ್ಜೆ. ಅಷ್ಟು ದೂರವನ್ನು ಅಳೆಯುವ ಕೆಲಸ ರೋಮಿನಲ್ಲಿ ಇನ್ನೂ ನಡೆಯುತ್ತಿದೆ.

ಪಾದ್ರಿಯಾಗಲು ಪಡೆಯುವ ಗುರುದೀಕ್ಷೆಯ ಕಡತಕ್ಕಂತೂ 1994ರಲ್ಲೇ ದಾರ ಸುತ್ತಿಯಾಗಿದೆ. ಹೆಂಗಸರಿಗೆ ಆ ದೀಕ್ಷೆ ಕೊಡುವ ಅಧಿಕಾರವೇ ಕ್ಯಾಥೊಲಿಕ್ ಧರ್ಮಸಭೆಗೆ ಇಲ್ಲವೆಂದು ಪೋಪ್ ಎರಡನೆಯ ಜಾನ್ ಪಾಲ್ ಬರೆದರು. ಭೂಮಿಯಲ್ಲಿ ಕಟ್ಟಿದ್ದನ್ನು ಪರಲೋಕದಲ್ಲೂ ಕಟ್ಟಿಸಬಲ್ಲ, ಇಲ್ಲಿ ಬಿಚ್ಚಿದ್ದನ್ನು ಅಲ್ಲೂ ಬಿಚ್ಚಿಸಬಲ್ಲ ಬೀಗದ ಕೈಗಳನ್ನು ಕ್ರಿಸ್ತನ ಶಿಷ್ಯ ಪೇತ್ರನಿಂದ ಬಳುವಳಿಯಾಗಿ ಪಡೆದಿರುವ ಪೀಠಕ್ಕೆ, ಇಡೀ ಗೊಂಚಲಿನಲ್ಲಿ ಈ ಒಂದು ಬಾಗಿಲಿನ ಕೀಲಿ ಮಾತ್ರ ಸಿಗಲಿಲ್ಲವಂತೆ.

ಉಳಿದದ್ದು ಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ಪದವಿ. ಬೈಬಲಿನಲ್ಲಿ ಪೌಲನು ರೋಮಿನವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯದಲ್ಲಿ ಕೆಂಖ್ರೆಯೆಂಬ ಊರಿನ ಫೊಯಿಬೆ ಎಂಬ ಹೆಂಗಸನ್ನು, ಡೀಕನ್ ಎಂಬುದರ ಗ್ರೀಕ್ ಮೂಲವಾದ ‘ದಿಯಾಕೊನೊಸ್’ ಎಂದೇ ಕರೆದಿದ್ದಾನೆ. ವ್ಯಾಕರಣದ ಪವಾಡವೆಂದರೆ, ಅದೇ ಪದ ಗಂಡಸಿನ ಹೆಸರಿನ ಪಕ್ಕ ಕುಳಿತಾಗ ಪದವಿಯಾಗುತ್ತದೆ, ಹೆಂಗಸಿನ ಪಕ್ಕ ಕುಳಿತಾಗ ಬರೀ ಸೇವೆಯಾಗುತ್ತದೆ. ಪದವಿಯೋ ಸೇವೆಯೋ ಎಂದು ತಿಳಿಯಲು ಪೋಪ್ ಫ್ರಾನ್ಸಿಸ್ 2016ರಲ್ಲಿ ಒಂದು ಆಯೋಗ ನೇಮಿಸಿದರು. ಸದಸ್ಯರಲ್ಲಿ ಒಮ್ಮತ ಮೂಡಲಿಲ್ಲವೆಂದು 2019ರಲ್ಲಿ ಅವರೇ ಹೇಳಿದರು. 2020ರಲ್ಲಿ ಇನ್ನೊಂದನ್ನು ನೇಮಿಸಿದರು. ನಮ್ಮ ವಿಧಾನಸೌಧದವರು ವ್ಯಾಟಿಕನ್ನಿಂದ ಕಲಿತರೋ, ವ್ಯಾಟಿಕನ್ನಿನವರು ವಿಧಾನಸೌಧದಿಂದ ಕಲಿತರೋ, ಅದನ್ನು ತಿಳಿಯಲು ಬೇರೊಂದು ಆಯೋಗ ಬೇಕು.

ಅಲ್ಲಿ ಬದಲಾವಣೆಯೇ ಆಗಿಲ್ಲವೆಂದು ದೂರುವುದು ಅನ್ಯಾಯ. ಹೆಂಗಸರು ದಶಕಗಳಿಂದ ಬಲಿಪೀಠದ ಬಳಿ ನಿಂತು ಬೈಬಲ್ ವಾಚನ ಓದುತ್ತ ಬಂದಿದ್ದರೂ, ವಾಚಕಿಯ ಸೇವೆಗೆ ಅವರನ್ನು ವಿಧಿಪೂರ್ವಕವಾಗಿ ನೇಮಿಸಬಹುದೆಂಬ ತಿದ್ದುಪಡಿ 2021ರಲ್ಲಿ ಬಂದಿತು. ಮೂರು ಮಕ್ಕಳಾದ ಮೇಲೆ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ. 2025ರ ಜನವರಿಯಲ್ಲಿ ಸನ್ಯಾಸಿ ಸಂಸ್ಥೆಗಳನ್ನು ನೋಡಿಕೊಳ್ಳುವ ವ್ಯಾಟಿಕನ್ ಇಲಾಖೆಗೆ ಮೊದಲ ಬಾರಿಗೆ ಒಬ್ಬ ಸಿಸ್ಟರ್, ಸಿಮೋನಾ ಬ್ರಂಬಿಲ್ಲಾ, ಮುಖ್ಯಸ್ಥರಾದರು. ಅದೇ ಆದೇಶದಲ್ಲಿ ಅವರ ಪಕ್ಕಕ್ಕೆ ಸಹ ಮುಖ್ಯಸ್ಥರಾಗಿ ಒಬ್ಬ ಕಾರ್ಡಿನಲ್ ಕೂಡ ಬಂದರು. ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯನ್ನು ಮಾತಾಡಿಸಲು ಹೋಗಿ, ಎದುರಿಗೆ ಕುಳಿತ ‘ಅಧ್ಯಕ್ಷೆಯ ಯಜಮಾನರಿಗೆ’ ಅರ್ಜಿ ಕೊಟ್ಟು ಬಂದವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಆಯೋಗದ ವರದಿ 2025ರ ಡಿಸೆಂಬರಿನಲ್ಲಿ ಹೊರಬಿದ್ದಿತು. ಹೆಂಗಸರಿಗೆ ಡೀಕನ್ ದೀಕ್ಷೆ ಬೇಡವೆಂಬ ಕಡೆಗೆ ಏಳು ಮತ, ವಿರುದ್ಧ ಒಂದು. ಆದರೆ ಇದು ಅಂತಿಮ ತೀರ್ಪಲ್ಲ. ಕ್ರಿಸ್ತ ಗಂಡಸಾಗಿದ್ದದ್ದರಿಂದ ದೀಕ್ಷೆ ಪಡೆಯುವವರೂ ಗಂಡಸರೇ ಆಗಿರಬೇಕೆಂಬ ವಾದ ಮತಕ್ಕೆ ಬಂದಾಗ ಮಾತ್ರ ಆಚೆ ಐದು, ಈಚೆ ಐದು. ಕ್ರಿಸ್ತ ಬಡಗಿಯಾಗಿದ್ದ, ಯೆಹೂದ್ಯನಾಗಿದ್ದ, ಅರಮಾಯಿಕ್ ಮಾತಾಡುತ್ತಿದ್ದ. ಉಳಿ ಹಿಡಿಯಲು ಬಾರದ ನಮ್ಮ ಸ್ವಾಮಿಯವರ ದೀಕ್ಷೆಗೆ ಅವುಗಳಲ್ಲಿ ಯಾವುದೂ ಅಡ್ಡ ಬಂದಿರಲಿಲ್ಲ.

ವರದಿ ಬಂದ ವಾರ ಪೂಜೆ ಮುಗಿದ ಮೇಲೆ, ಬಲಿಪೀಠದ ವಸ್ತ್ರವನ್ನು ಒಗೆಯಲು ಮಡಚುತ್ತಿದ್ದ ಸಿಸ್ಟರ್‌ಗೆ ಇದನ್ನೆಲ್ಲ ಹೇಳಿದೆ. ಈ ಆಯೋಗ ಐದು ವರ್ಷದಲ್ಲಿ ಮೂರು ಬಾರಿ ಸಭೆ ಸೇರಿತ್ತೆಂಬುದನ್ನೂ ಸೇರಿಸಿದೆ.

“ಮೂರು ಸಲ ಕೂತರಾ? ಪಾಪ, ಅಷ್ಟೂ ದಿನ ಅವರಿಗೆಲ್ಲ ಅಡುಗೆ ಮಾಡಿದ ಸಿಸ್ಟರ್‌ಗಳು ಯಾರೋ” ಎಂದರು.