ಗಿರಾಕಿ ಎಲ್ಲಿ ಹೋದ?

ನಮ್ಮ ಮೈಸೂರಲ್ಲಿ ಸ್ಪಾ ಮೇಲೋ, ಲಾಡ್ಜ್ ಮೇಲೋ, ರಿಂಗ್ ರೋಡ್ ಆಚೆಯ ಯಾವುದೋ ಬಾಡಿಗೆ ಮನೆ ಮೇಲೋ ದಾಳಿ ಆಯಿತು ಅಂತ ಪೇಪರ್‌ನಲ್ಲಿ ಬರುತ್ತದಲ್ಲ, ಆ ಸುದ್ದಿಯನ್ನು ಒಮ್ಮೆ ನಿಧಾನಕ್ಕೆ ಓದಿ ನೋಡಿ. ಇಷ್ಟು ಜನ ಯುವತಿಯರ ರಕ್ಷಣೆ. ಪಿಂಪ್ ಬಂಧನ. ಮಾಲೀಕ ಪರಾರಿ. ಮೊಬೈಲ್, ನಗದು, ಒಂದು ಸ್ಕೂಟರ್ ವಶ. ದಾಳಿಗೆ ಹೋಗಿದ್ದ ಇನ್ಸ್‌ಪೆಕ್ಟರ್ ಮತ್ತು ಸಿಬ್ಬಂದಿಯ ಹೆಸರು ಸಾಲಾಗಿ. ದುಡ್ಡು ಕೊಟ್ಟು ಒಳಗೆ ಹೋಗಿದ್ದವನು ಮಾತ್ರ ಹೆಚ್ಚಿನ ಸಲ ಸುದ್ದಿಯಲ್ಲೇ ಇರುವುದಿಲ್ಲ. ಇದ್ದರೂ "ಇಬ್ಬರು ಗ್ರಾಹಕರು" ಅಂತ ಅರ್ಧ ಸಾಲು, ಅಷ್ಟೇ.

ಪೊಲೀಸರು ಕೆಲಸ ಮಾಡುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡುತ್ತಾರೆ. ಸಿಸಿಬಿ ಇದೆ, ಮಾನವ ಕಳ್ಳಸಾಗಣೆ ತಡೆ ಘಟಕ ಇದೆ. ಒಡನಾಡಿಯವರು ಇದ್ದಾರೆ, ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ಸಂಸ್ಥೆ ಅದು, ಹೆಣ್ಣುಮಕ್ಕಳನ್ನು ಹೊರಗೆ ತಂದು ವರ್ಷಗಟ್ಟಲೆ ಸಾಕಿ ಓದಿಸಿದವರು. ಆದರೂ ಒಂದು ಮನೆ ಮುಚ್ಚಿಸಿದರೆ ತಿಂಗಳೊಪ್ಪತ್ತಿನಲ್ಲಿ ಪಕ್ಕದ ಬಡಾವಣೆಯಲ್ಲಿ ಇನ್ನೊಂದು ಶುರುವಾಗುತ್ತದೆ. ಯಾಕೆ ಅಂದರೆ ಗಿರಾಕಿ ಹಾಗೇ ಇದ್ದಾನೆ, ಅವನ ಫೋನಲ್ಲಿ ನಂಬರ್ ಹಾಗೇ ಇದೆ. ಮುಂಚೆ ಬಸ್ ಸ್ಟ್ಯಾಂಡ್ ಸುತ್ತ ಓಡಾಡಬೇಕಿತ್ತು, ಯಾರಾದರೂ ನೋಡಿಬಿಟ್ಟರೆ ಅನ್ನುವ ಭಯವಾದರೂ ಇತ್ತು. ಈಗ ವಾಟ್ಸಾಪ್‌ಗೆ ಫೋಟೊ ಬರುತ್ತದೆ, ಆಮೇಲೆ ಲೊಕೇಶನ್, ಆಮೇಲೆ ಸ್ಕ್ಯಾನರ್. ಮುಗಿಯಿತು.

ಇದನ್ನು ನಾನು ಸುಮ್ನೆ ಕೂತು ಬರೆಯುತ್ತಿಲ್ಲ. ಕೊರೊನಾಕ್ಕೂ ಮುಂಚೆ, ನನ್ನ ಜೆರಾಕ್ಸ್ ಅಂಗಡಿ ಒಂದು ಲಾಡ್ಜ್ ಇದ್ದ ರಸ್ತೆಯಲ್ಲೇ ಇತ್ತು. ಒಂದು ಸಂಜೆ ಇಬ್ಬರು ಪೊಲೀಸರು ಬಂದು "ಸ್ವಲ್ಪ ಬನ್ನಿ, ಪಂಚರಾಗಿ ಒಂದು ಸಹಿ ಬೇಕು" ಅಂದರು. ಪೀಟಾ, ಅಂದರೆ ವೇಶ್ಯಾವಾಟಿಕೆ ದಂಧೆ ತಡೆಯುವ ಕಾಯ್ದೆ, ಆ ಕೇಸ್‌ನಲ್ಲಿ ಶೋಧನೆ ಮಾಡುವಾಗ ಸ್ಥಳೀಯರು ಇಬ್ಬರಾದರೂ ಸಾಕ್ಷಿಗೆ ಇರಬೇಕು, ಅದರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ನನ್ನ ಜೊತೆ ಮೂಲೆಯಲ್ಲಿ ಹೂ ಮಾರುತ್ತಿದ್ದ ಅಮ್ಮನನ್ನೂ ಕರೆತಂದಿದ್ದರು. ಆಯಮ್ಮ ಮಂಡ್ಯ ಕಡೆಯವರು. ಮೆಟ್ಟಿಲ ಮೇಲೆ ಕೂತುಕೊಂಡು "ಬಿರ್ರನೆ ಬರ್ಕೊಳಿ ಸಾ, ಹೂ ಬಾಡೋಯ್ತವೆ" ಅಂತ ಒಂದೇ ಸಮ ಹೇಳುತ್ತಿದ್ದರು.

ಕಾರಿಡಾರ್‌ನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಮಹಜರು ಬರೆಯುತ್ತಿದ್ದರು. ಎರಡು ಮೊಬೈಲ್, ಇಷ್ಟು ನೋಟು, ಇಷ್ಟು ಕಾಂಡೋಮ್ ಪ್ಯಾಕೆಟ್ ಅಂತ ಎಣಿಸಿ ಎಣಿಸಿ ಬರೆದರು. ಹುಡುಗಿಯರು ವೇಲ್‌ನಲ್ಲಿ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಕೂತಿದ್ದರು. ಗಿರಾಕಿ ಒಬ್ಬ ಸಿಕ್ಕಿದ್ದ. ಐವತ್ತು ದಾಟಿದ ಮನುಷ್ಯ, ಇನ್‌ಶರ್ಟ್ ಮಾಡಿದ್ದ, ಜೇಬಿನಲ್ಲಿ ಪೆನ್ನು. ಅವನಿಗೆ ಇದ್ದದ್ದು ಒಂದೇ ಚಿಂತೆ. "ಸಾರ್, ಗಾಡಿ ನಂಬರ್ ಬರೀಬೇಡಿ ಸಾರ್, ಅಳಿಯನ ಗಾಡಿ ಅದು." ಬರೆಯಲಿಲ್ಲ. ನಾನು ಸಹಿ ಹಾಕಿ ಕೆಳಗೆ ಇಳಿಯುವ ಹೊತ್ತಿಗೆ ಅವನು ಗಾಡಿ ಸ್ಟಾರ್ಟ್ ಮಾಡುತ್ತಿದ್ದ. ಹುಡುಗಿಯರು ಜೀಪ್ ಹತ್ತುತ್ತಿದ್ದರು, ಎದುರಿನ ಬೇಕರಿ ಮುಂದೆ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಹೂವಿನಮ್ಮ ಮಾತ್ರ ಅವನ ಗಾಡಿಯನ್ನೇ ನೋಡಿ "ಥೂ" ಅಂದು ಬುಟ್ಟಿ ಎತ್ತಿಕೊಂಡು ಹೋದರು.

ಯಾಕೆ ಬಿಟ್ಟರು ಅಂತ ಆಮೇಲೆ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ಹೇಳಿದ್ದು, ನಾನು ಆಮೇಲೆ ಓದಿಕೊಂಡದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. 1956ರ ಕಾಯ್ದೆ, ನಾವು ಪೀಟಾ ಅಂತ ಕರೆಯುವುದು, ಅಡ್ಡೆ ನಡೆಸುವವನು, ಆ ಸಂಪಾದನೆಯಲ್ಲಿ ಬದುಕುವವನು, ಹೆಣ್ಣನ್ನು ತಂದು ಕೂಡಿಸುವವನು ಇವರನ್ನು ಹಿಡಿಯುತ್ತದೆ. ಗಿರಾಕಿ ನೇರವಾಗಿ ಸಿಗುವುದು 7ನೇ ಸೆಕ್ಷನ್‌ನಲ್ಲಿ. ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆ ಇಂಥ ಜಾಗದಿಂದ 200 ಮೀಟರ್ ಒಳಗೆ ನಡೆದರೆ ಅವನಿಗೂ ಮೂರು ತಿಂಗಳವರೆಗೆ ಜೈಲು ಇದೆ. ಮಿಕ್ಕ ಸೆಕ್ಷನ್‌ಗಳಲ್ಲಿ ಅವನ ಮೇಲೆ ಕೇಸ್ ಹಾಕಿದರೆ ನಮ್ಮ ಹೈಕೋರ್ಟ್‌ನಲ್ಲಿ ಎಷ್ಟೋ ಸಲ ಅದು ರದ್ದಾಗಿದೆ. ಕೇರಳ ಹೈಕೋರ್ಟ್ 2025ರಲ್ಲಿ ಬೇರೆ ರೀತಿ ಹೇಳಿತು, ದುಡ್ಡು ಕೊಟ್ಟು ಹೋಗುವವನು ಬರೀ ಗ್ರಾಹಕ ಅಲ್ಲ, ಅವನು ಹೆಣ್ಣನ್ನು ಈ ಕೆಲಸಕ್ಕೆ ಪ್ರೇರೇಪಿಸಿದ ಹಾಗೇ, 5ನೇ ಸೆಕ್ಷನ್ ಹಾಕಬಹುದು ಅಂತ. ಅಂದರೆ ಮಾನಂದವಾಡಿ ರಸ್ತೆ ಹಿಡಿದು ಗಡಿ ದಾಟಿದರೆ ಅದೇ ಗಂಡಸಿನ ಪರಿಸ್ಥಿತಿ ಬೇರೆ. ಇರಲಿ.

ಆದರೆ ನಿಜವಾಗಿ ಕಚ್ಚುವ ಕಾನೂನು ಇನ್ನೊಂದು ಇದೆ. ಅದನ್ನು ಯಾರೂ ಹೇಳುವುದೇ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 144ನೇ ಸೆಕ್ಷನ್. ಇದು 2013ರಿಂದಲೇ ಹಳೆಯ ಐಪಿಸಿಯಲ್ಲಿ 370ಎ ಅಂತ ಇತ್ತು. ಕಳ್ಳಸಾಗಣೆ ಮಾಡಿ ತಂದ ಹೆಂಗಸು ಅಂತ ಗೊತ್ತಿದ್ದೂ, ಅಥವಾ ಹಾಗಂತ ಅಂದುಕೊಳ್ಳಲು ಕಾರಣ ಇದ್ದೂ, ಲೈಂಗಿಕವಾಗಿ ಬಳಸಿಕೊಂಡವನಿಗೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಹೋಗಬಹುದು. ಮಗು ಆಗಿದ್ದರೆ ಐದರಿಂದ ಹತ್ತು ವರ್ಷ, ಅದರ ಮೇಲೆ ಪೋಕ್ಸೊ ಬೇರೆ.

"ಕಾರಣ ಇದ್ದೂ" ಅನ್ನುವ ಕಡೆ ಸ್ವಲ್ಪ ನಿಲ್ಲಿ. ಆ ಕೋಣೆಯೊಳಗೆ ಹೋದ ಗಂಡಸಿಗೆ ಏನೇನು ಕಾಣುತ್ತದೆ ಯೋಚಿಸಿ. ಹುಡುಗಿ ಕೈಯಲ್ಲಿ ಫೋನ್ ಇಲ್ಲ. ದುಡ್ಡು ಹೋಗಿದ್ದು ಬೇರೆ ಯಾರದೋ ಸ್ಕ್ಯಾನರ್‌ಗೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಅವಳಿಗೆ ಕನ್ನಡ ಬಾರದು, ಯಾವ ಊರಲ್ಲಿ ಇದ್ದೇನೆ ಅನ್ನುವುದೂ ಗೊತ್ತಿಲ್ಲ. ವಯಸ್ಸು ಕೇಳಿದರೆ ಬಾಯಿಪಾಠ ಮಾಡಿದ ಹಾಗೆ ಹೇಳುತ್ತಾಳೆ. ಪೊಲೀಸರು ತಿಂಗಳುಗಟ್ಟಲೆ ಹುಡುಕುವ ವಿಷಯ ಇವನಿಗೆ ಹತ್ತು ನಿಮಿಷದಲ್ಲಿ ಸಿಕ್ಕಿರುತ್ತದೆ, ಅಲ್ವಾ? ಎದ್ದು ಬಂದು 112ಕ್ಕೆ ಫೋನ್ ಮಾಡಬಹುದು. ಮಾಡುವುದಿಲ್ಲ. ಯಾಕೆ ಮಾಡಬೇಕು, ಅವನನ್ನು ಯಾರು ಕೇಳುತ್ತಾರೆ?

ಮಂಡ್ಯದವರಿಗೆ ಈ ಮಾತು ಇನ್ನೂ ಬೇಗ ಅರ್ಥವಾಗಬೇಕು. 2023ರಲ್ಲಿ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಮಾಡುವ ಜಾಗದಲ್ಲಿ ಆ ಕೆಲಸ. ಡಾಕ್ಟರ್, ಲ್ಯಾಬ್‌ನವರು, ಏಜೆಂಟ್‌ಗಳು ಎಲ್ಲರ ಬಗ್ಗೆಯೂ ವಾರಗಟ್ಟಲೆ ಮಾತಾಡಿದೆವು. ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋದ ಗಂಡ, ಅತ್ತೆ, ಮಾವನ ಬಗ್ಗೆ ಎಷ್ಟು ಮಾತಾಡಿದೆವು? ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ಕೇಳಿಕೊಂಡು ಹೋದವರಿಗೂ ಮೂರು ವರ್ಷದವರೆಗೆ ಶಿಕ್ಷೆ ಇದೆ. ಹೆಂಡತಿ ಗಂಡನ ಮನೆಯವರ ಬಲವಂತಕ್ಕೇ ಬಂದಳು ಅಂತ ಕಾನೂನು ಮೊದಲೇ ಭಾವಿಸುತ್ತದೆ, ಇಲ್ಲ ಅಂತ ಅವರೇ ಸಾಬೀತು ಮಾಡಬೇಕು. ಇಷ್ಟು ಚೆನ್ನಾಗಿ ಬರೆದ ಕಾನೂನಿದ್ದೂ ನಮ್ಮ ಬೆರಳು ಹೋಗುವುದು ಮಾರುವವನ ಕಡೆಗೇ. ಕೊಳ್ಳುವವನು ನಮ್ಮ ನೆಂಟ, ನಮ್ಮ ಮನೆ ಪಕ್ಕದವನು, ಅದಕ್ಕೇ ಇರಬೇಕು.

ಹಾಗಂತ ಗಿರಾಕಿಗಳನ್ನೆಲ್ಲ ಹಿಡಿದು ಟಿವಿಯಲ್ಲಿ ತೋರಿಸಿ ಅಂದರೆ ನಾನು ಒಪ್ಪುವುದಿಲ್ಲ. ಹೊರದೇಶಗಳಲ್ಲಿ ಇದನ್ನೆಲ್ಲ ಮಾಡಿ ನೋಡಿದ್ದಾರೆ. ಸ್ವೀಡನ್ 1999ರಲ್ಲೇ ಕೊಳ್ಳುವುದನ್ನು ಅಪರಾಧ ಮಾಡಿತು, ಮಾರಿಕೊಳ್ಳುವ ಹೆಣ್ಣಿಗೆ ಶಿಕ್ಷೆ ಇಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1995ರಿಂದ ಮೊದಲ ಸಲ ಸಿಕ್ಕಿಬಿದ್ದ ಗಂಡಸರನ್ನು ಕೂರಿಸಿ ಒಂದು ದಿನದ ಪಾಠ ಮಾಡುತ್ತಿದ್ದರು, ಫೀಸು ಅವರದೇ. ಇದರಿಂದ ಎಷ್ಟು ಕಡಿಮೆಯಾಯಿತು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಈ ಕೆಲಸದಲ್ಲಿರುವ ಹೆಂಗಸರ ಸಂಘಟನೆಗಳು ಎತ್ತುವ ತಕರಾರು ಗಟ್ಟಿಯಾಗಿದೆ: ಗಿರಾಕಿ ಹೆದರಿದರೆ ಕತ್ತಲಿರುವ ಕಡೆ ಕರೆಯುತ್ತಾನೆ, ಮಾತಾಡಿ ಅಳೆದು ನೋಡುವಷ್ಟು ಹೊತ್ತೂ ಸಿಗುವುದಿಲ್ಲ, ಪೆಟ್ಟು ತಿನ್ನುವವಳು ಅವಳೇ. ನಮ್ಮ ಮೈಸೂರಲ್ಲೇ ಆಶೋದಯ ಸಮಿತಿ ಇದೆ, ಎಚ್‌ಐವಿ ತಡೆಯುವ ಕೆಲಸವನ್ನು ಈ ಹೆಂಗಸರೇ ಕೈಗೆತ್ತಿಕೊಂಡು ಮಾಡಿ ತೋರಿಸಿದ ಸಂಘಟನೆ. ಅವರನ್ನು ಕೇಳದೆ ಪೊಲೀಸರು ಯಾವ ಯೋಜನೆ ಮಾಡಿದರೂ ಅದು ಕಾಗದದ ಮೇಲೇ ಉಳಿಯುತ್ತದೆ.

ಅದಕ್ಕೇ ನನ್ನ ವಾದ ಚಿಕ್ಕದು. ತನ್ನಿಷ್ಟದಿಂದ ಇರುವ ವಯಸ್ಕ ಹೆಂಗಸಿನ ಹಿಂದೆ, ಅವಳ ಗಿರಾಕಿಯ ಹಿಂದೆ ಬೀಟ್ ಪೊಲೀಸರನ್ನು ಓಡಿಸಬೇಡಿ. ಇರುವ ಜನ, ಇರುವ ಸಮಯವನ್ನು ಆ 144ರ ಮೇಲೆ ಹಾಕಿ. ದಾಳಿಯಲ್ಲಿ ಹುಡುಗಿ ಅಪ್ರಾಪ್ತೆ ಅಂತಲೋ, ಬಲವಂತಕ್ಕೆ ತಂದವಳು ಅಂತಲೋ ಗೊತ್ತಾದರೆ ಪಿಂಪ್‌ನ ಫೋನ್ ವಶವಾಗಿದೆ ಅಂತ ಬರೆದು ಸುಮ್ಮನಾಗಬೇಡಿ. ಆ ಫೋನ್‌ನಲ್ಲಿ ಪಟ್ಟಿ ಇದೆ, ಯುಪಿಐ ಲೆಕ್ಕ ಇದೆ. ಹಿಂದಿನ ತಿಂಗಳು ಯಾರ್ಯಾರು ದುಡ್ಡು ಹಾಕಿದ್ದಾರೆ, ಒಬ್ಬೊಬ್ಬರನ್ನೇ ನೋಟಿಸ್ ಕೊಟ್ಟು ಕರೆಸಿ. ಅಂಥ ಒಂದು ನೋಟಿಸ್ ಮನೆಗೆ ಬಂದರೆ ಆಗುವ ಪರಿಣಾಮ, ವರ್ಷಕ್ಕೊಮ್ಮೆ ಕಾಲೇಜು ಮಕ್ಕಳ ಕೈಗೆ ಪ್ಲೆಕಾರ್ಡ್ ಕೊಟ್ಟು ಜಾಥಾ ಮಾಡಿಸುವುದರಿಂದ ಆಗುವುದಿಲ್ಲ.

ಇನ್ನೊಂದು, ಲಾಡ್ಜ್, ಹೋಂಸ್ಟೇಗಳ ರಿಸೆಪ್ಷನ್‌ನಲ್ಲಿ ಜಿಎಸ್‌ಟಿ ನಂಬರ್ ಬೋರ್ಡ್ ಹಾಕಿರುತ್ತಾರಲ್ಲ, ಅದರ ಪಕ್ಕ ಈ ಸೆಕ್ಷನ್ನು, ಶಿಕ್ಷೆ, 112 ಮತ್ತು ಮಕ್ಕಳ ಸಹಾಯವಾಣಿ 1098 ನಂಬರ್ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಹೆಬ್ಬಾಳ, ನಂಜನಗೂಡಿನ ಫ್ಯಾಕ್ಟರಿಗಳ ಕ್ಯಾಂಟೀನ್‌ನಲ್ಲೂ ಹಾಕಿಸಿ. ದಸರಾಕ್ಕೆ ಮುಂಚೆ ಹಾಕಿಸಿದರೆ ಇನ್ನೂ ಒಳ್ಳೆಯದು. ಅನುಮಾನ ಬಂದು ಎದ್ದು ಬಂದವನು ಹೆಸರು ಹೇಳದೆ ಫೋನ್ ಮಾಡಿದರೂ ತಗೊಳ್ಳಿ, ಮೊದಲು ಹುಡುಗಿ ಹೊರಗೆ ಬರಲಿ.

ಮಹಜರಿನ ಕಾಂಡೋಮ್ ಲೆಕ್ಕದ ಬಗ್ಗೆಯೂ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ಅದನ್ನು ಅಪರಾಧದ ಸಾಕ್ಷಿ ಅಂತ ನೋಡಕೂಡದು ಅಂದಿದೆ. ಈ ಹೆಂಗಸರ ಗುರುತು ಸಿಗುವ ಹಾಗೆ ಫೋಟೊ ಹಾಕಬಾರದು ಅಂತ ಮಾಧ್ಯಮದವರಿಗೂ ಅದೇ ಆದೇಶದಲ್ಲಿ ಹೇಳಿದೆ. ಎಷ್ಟು ಪಾಲನೆ ಆಗುತ್ತಿದೆ ಅನ್ನುವುದು ಯೂಟ್ಯೂಬ್ ಚಾನೆಲ್‌ಗಳ ಥಂಬ್‌ನೇಲ್ ನೋಡಿದರೆ ಸಾಕು.

ಮುಂದಿನ ದಾಳಿಯ ಪ್ರೆಸ್ ನೋಟ್‌ನಲ್ಲಿ ಒಂದೇ ಒಂದು ಸಾಲು ಜಾಸ್ತಿ ಇರಲಿ ಅಂತ ನಮ್ಮ ಕಮಿಷನರ್ ಕಚೇರಿಗೂ, ಮಂಡ್ಯ ಎಸ್‌ಪಿ ಕಚೇರಿಗೂ ಕೇಳುತ್ತಿದ್ದೇನೆ. ಗಿರಾಕಿಗಳು ಎಷ್ಟು ಜನ, ಯಾವ ಸೆಕ್ಷನ್, ಕೇಸ್ ಹಾಕಿಲ್ಲ ಅಂದರೆ ಯಾಕೆ. ಹೆಸರು ಬೇಡ.

ಕಮೆಂಟ್‌ನಲ್ಲಿ ದಯವಿಟ್ಟು ಯಾವ ಲಾಡ್ಜ್, ಯಾವ ಸ್ಪಾ ಅಂತೆಲ್ಲ ಬರೆಯಬೇಡಿ, ಡಿಲೀಟ್ ಮಾಡುತ್ತೇನೆ. ಗೊತ್ತಿದ್ದರೆ 112ಕ್ಕೆ ಹೇಳಿ.